ಲೋಹದ ಮಾತು: ಪಿಸ್ತೂಲಿನ ಕಪ್ಪು ಹೋದಾಗ

ಪ್ರಶ್ನೆ: ನಾನು 25 ಮೀಟರ್ ಸ್ಪೋರ್ಟ್ ಪಿಸ್ತೂಲ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದೇನೆ. ನನ್ನದು ಲೈಸೆನ್ಸ್ ಇರುವ .22 ಪಿಸ್ತೂಲು, ಹಿರಿಯ ಶೂಟರ್ ಒಬ್ಬರಿಂದ ಕೊಂಡದ್ದು. ಹಳೆಯದು, ಪೂರ್ತಿ ಉಕ್ಕಿನದು. ಹಿಡಿಯ ಸುತ್ತ ಕಪ್ಪು ಸವೆದು ಬಿಳಿ ಲೋಹ ಕಾಣುತ್ತಿದೆ. ಜುಲೈ ತಿಂಗಳಿಂದ ಅಲ್ಲೇ ಕಂದು ಚುಕ್ಕೆಗಳು ಬರುತ್ತಿವೆ. ಒಬ್ಬರು ಹಾರ್ಡ್ ಕ್ರೋಮ್ ಮಾಡಿಸು ಅನ್ನುತ್ತಾರೆ. ಇನ್ನೊಬ್ಬರು ಸೆರಾಕೋಟ್ ಅನ್ನುತ್ತಾರೆ. ಚಿಕ್ಕಪ್ಪನಿಗೆ ಪೀಣ್ಯದಲ್ಲಿ ಗೊತ್ತಿರುವ ಪ್ಲೇಟಿಂಗ್ ಶಾಪ್ ಇದೆ, ಅಲ್ಲಿ ಕೊಟ್ಟುಬಿಡೋಣ ಅನ್ನುತ್ತಾರೆ. ಏನು ಮಾಡಲಿ?
ಓದುಗರು, ಬಸವೇಶ್ವರನಗರ

ಉತ್ತರ: ಮೊದಲು ಚಿಕ್ಕಪ್ಪನವರ ಮಾತಿಗೆ ಬರುತ್ತೇನೆ, ಯಾಕೆಂದರೆ ಅದು ಅವಸರದ್ದು. ದಯವಿಟ್ಟು ಪಿಸ್ತೂಲನ್ನು ಪ್ಲೇಟಿಂಗ್ ಶಾಪಿಗೆ ಕೊಡಬೇಡಿ. ನಾನು ಅದೇ ಪೀಣ್ಯದಲ್ಲಿ 27 ವರ್ಷ ತೊಟ್ಟಿಗಳ ಪಕ್ಕ ನಿಂತು ಕೆಲಸ ಮಾಡಿದವನು. ಅಲ್ಲಿನವರ ಕೈಕೆಲಸದ ಮೇಲೆ ನನಗೆ ಬಹಳ ಗೌರವವಿದೆ. ಆದರೆ 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಬಂದೂಕು, ಪಿಸ್ತೂಲುಗಳ ರಿಪೇರಿ ಮಾಡುವವರಿಗೂ ಲೈಸೆನ್ಸ್ ಇರಬೇಕು. ಬರೀ ಬಾಡಿ ತಾನೇ ಎಂದು ಬಿಚ್ಚಿ ಕೊಡುವ ಹಾಗೂ ಇಲ್ಲ, ಬಿಡಿಭಾಗಗಳೂ ಆ ಕಾನೂನಿನೊಳಗೇ ಬರುತ್ತವೆ. ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಿ. ಪಿಸ್ತೂಲಿನ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ. ಇನ್ನೊಂದು ಮಾತು. ಪಾಲಿಶ್ ಮಾಡುವಾಗ ಬಫ್ ಚಕ್ರ ಜಾಸ್ತಿ ಒತ್ತಿದರೆ ಕೊರೆದ ನಂಬರ್ ಮಸುಕಾಗುತ್ತದೆ. ಗುರುತಿನ ನಂಬರ್ ಅಳಿಸುವುದು ಅದೇ ಕಾನೂನಿನಲ್ಲಿ ಅಪರಾಧ. 'ನಂಬರ್ ಇರುವ ಜಾಗ ಮುಟ್ಟಬೇಡಿ' ಎಂದು ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆದುಕೊಡಿ.

ಈಗ ತುಕ್ಕು. ಯಾವ ಲೇಪನ ಎಂದು ಕೇಳುವ ಮುಂಚೆ ತುಕ್ಕು ಎಲ್ಲಿಂದ ಬರುತ್ತಿದೆ ನೋಡಬೇಕು, ಅಲ್ವಾ? ನಿಮ್ಮ ಚುಕ್ಕೆಗಳೆಲ್ಲ ಹಿಡಿಯ ಸುತ್ತ ಇವೆ, ಬ್ಯಾರೆಲ್ ಮೇಲೆ ಇದ್ದ ಹಾಗಿಲ್ಲ. ಹಾಗಾದರೆ ಇದು ಮುಖ್ಯವಾಗಿ ಅಂಗೈ ಬೆವರಿನ ತುಕ್ಕು. ಮಳೆಗಾಲದ ತೇವ ಅದರ ಜೊತೆ ಸೇರಿಕೊಂಡಿದೆ.

ನಮ್ಮ ಶಾಪಿನಲ್ಲಿ ಒಬ್ಬ ಹುಡುಗ ಇದ್ದ. ಕೆಲಸದಲ್ಲಿ ಚುರುಕು. ಆದರೆ ಅವನು ಬರಿಗೈಯಲ್ಲಿ ಮುಟ್ಟಿದ ಪಾಲಿಶ್ ತುಂಡುಗಳ ಮೇಲೆ ಮರುದಿನ ಬೆಳಿಗ್ಗೆ ಅವನ ಐದು ಬೆರಳಿನ ಗುರುತು ಕಂದು ಬಣ್ಣದಲ್ಲಿ ಎದ್ದು ನಿಂತಿರುತ್ತಿತ್ತು. ಪಕ್ಕದವನು ಅದೇ ತುಂಡು ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಎಲ್ಲರ ಬೆವರು ಒಂದೇ ಅಲ್ಲ. ಕೆಲವರದರಲ್ಲಿ ಉಪ್ಪು ಜಾಸ್ತಿ, ಹುಳಿ ಜಾಸ್ತಿ. ಅವನಿಗೆ ಹತ್ತಿಯ ಗ್ಲೌಸ್ ಕೊಟ್ಟ ಮೇಲೆ ಎಲ್ಲ ಸರಿಹೋಯಿತು. ನಿಮ್ಮದೂ ಅಂಥ ಕೈ ಇರಬಹುದು. ಪರೀಕ್ಷೆ ಸುಲಭ. ಒಂದು ಉಕ್ಕಿನ ಚೂರನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಬಿಳಿ ಮಾಡಿ. ಅಭ್ಯಾಸ ಮುಗಿದ ಕೈಯಲ್ಲಿ ಒತ್ತಿ ಹಿಡಿದು, ಒರೆಸದೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಉತ್ತರ ಕಾಣುತ್ತದೆ.

ಮರದ ಹಿಡಿಯ ಸ್ಕ್ರೂ ಬಿಚ್ಚಿ ಹಿಂದೆಯೂ ನೋಡಿ. ಹಿಡಿಯ ಹೊರಗಡೆ ಎಣ್ಣೆ, ಪಾಲಿಶ್ ಇರುತ್ತದೆ. ಎಷ್ಟೋ ಹಿಡಿಗಳ ಒಳಮೈಯನ್ನು ಹಾಗೇ ಬಿಟ್ಟಿರುತ್ತಾರೆ. ಆ ಬರಿ ಮರ ಬೆವರು ಕುಡಿದು, ಅದನ್ನು ದಿನಗಟ್ಟಲೆ ಉಕ್ಕಿಗೆ ತಾಗಿಸಿಕೊಂಡು ಕೂರುತ್ತದೆ. ಅಲ್ಲಿ ತುಕ್ಕು ಇದ್ದರೆ ಹೊರಗೆ ಯಾವ ಲೇಪನ ಹಾಕಿಸಿದರೂ ದುಡ್ಡು ದಂಡ. ಮರದ ಒಳಮೈಗೆ ಎರಡು ಕೋಟ್ ವಾರ್ನಿಶ್ ಹೊಡೆಯಿರಿ.

ಇನ್ನು ಲೇಪನಗಳು. ನಿಮ್ಮ ಪಿಸ್ತೂಲಿನ ಮೂಲ ಕಪ್ಪು ಮೇಲೆ ಬಳಿದ ಬಣ್ಣವಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪಿನ ದ್ರಾವಣವನ್ನು ಸುಮಾರು 140 ಡಿಗ್ರಿಗೆ ಕಾಯಿಸಿ ಅದರಲ್ಲಿ ಉಕ್ಕನ್ನು ಮುಳುಗಿಸುತ್ತಾರೆ. ಉಕ್ಕಿನ ಮೇಲ್ಮೈಯೇ ಕಪ್ಪು ಆಕ್ಸೈಡ್ ಆಗುತ್ತದೆ. ಪಿಸ್ತೂಲಿನವರು ಇದನ್ನು ಬ್ಲೂಯಿಂಗ್ ಅನ್ನುತ್ತಾರೆ, ನಾವು ಬ್ಲ್ಯಾಕೋಡೈಸಿಂಗ್ ಅನ್ನುತ್ತಿದ್ದೆವು. ದಪ್ಪ ಒಂದೆರಡು ಮೈಕ್ರಾನ್ ಅಷ್ಟೇ. ತಲೆಕೂದಲೊಂದು ಸುಮಾರು 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿ. ಅಳತೆ ಬದಲಾಗದಿರುವುದೇ ಇದರ ದೊಡ್ಡ ಗುಣ. ಆದರೆ ಇದೊಂದೇ ತುಕ್ಕು ತಡೆಯುವುದಿಲ್ಲ. ಇದು ಎಣ್ಣೆಯನ್ನು ಹಿಡಿದಿಡುತ್ತದೆ, ತುಕ್ಕು ತಡೆಯುವುದು ಆ ಎಣ್ಣೆ. ಕೈ ಎಣ್ಣೆ ಒರೆಸಿತು ಅಂದರೆ ಕಾವಲು ಹೋಯಿತು.

ಹಾರ್ಡ್ ಕ್ರೋಮ್, ಅಂದರೆ ಕ್ರೋಮಿಯಂ ಲೋಹದ ಪದರ, ಬಹಳ ಗಟ್ಟಿ, ಅರದಿಂದ ಉಜ್ಜಿದರೂ ಜಾರುತ್ತದೆ. ಅದರ ತೊಂದರೆ ಬೇರೆ ಕಡೆ ಇದೆ. ಕರೆಂಟ್ ಕೊಟ್ಟು ಕೂರಿಸುವ ಲೋಹ ಅಂಚುಗಳಲ್ಲಿ ಜಾಸ್ತಿ ಕೂರುತ್ತದೆ, ಮೂಲೆ ಮತ್ತು ತೂತುಗಳಲ್ಲಿ ಕಡಿಮೆ. ಗುಂಡು ಹಾರಿದಾಗ ಹಿಂದೆ ಮುಂದೆ ಜಾರುವ ತುಂಡಿಗೆ ಬೋಲ್ಟ್ ಅನ್ನುತ್ತಾರೆ. ಅದು ಓಡಾಡುವ ತೋಡನ್ನು ಯೋಚಿಸಿ. ಒಂದೊಂದು ಮೈಗೆ 12 ಮೈಕ್ರಾನ್ ಕೂತಿತು ಅಂತಿಟ್ಟುಕೊಳ್ಳಿ. ತೋಡಿನೊಳಗೆ ಜಾರುವ ಬೋಲ್ಟಿನ ನಾಲಿಗೆ ಎರಡೂ ಕಡೆ ಸೇರಿ 24 ದಪ್ಪವಾಯಿತು. ತೋಡು ಎರಡೂ ಕಡೆ ಸೇರಿ 24 ಕಿರಿದಾಯಿತು. ಒಟ್ಟು 48 ಮೈಕ್ರಾನ್ ಸಡಿಲ ಮಾಯ. ಸ್ಪರ್ಧೆಯ ಪಿಸ್ತೂಲಿನಲ್ಲಿ ಅಷ್ಟು ಸಡಿಲ ಇಟ್ಟಿರುವುದೇ ಕಷ್ಟ. ಆಮೇಲೆ ಅರ ಹಿಡಿದು ಸರಿಮಾಡುತ್ತೇನೆ ಅನ್ನುವವರನ್ನು ನಂಬಬೇಡಿ. ಕ್ರೋಮಿಯಂ ನಮ್ಮ ಪೀಣ್ಯದ ಅಂತರ್ಜಲಕ್ಕೂ ಸೇರಿದೆ. ಆ ಹಳದಿ ನೀರನ್ನು ಕಣ್ಣಾರೆ ನೋಡಿದವನಾಗಿ, ತೀರಾ ಬೇಕಿಲ್ಲದ ಕಡೆ ಕ್ರೋಮ್ ಹಾಕಿಸಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಸೆರಾಕೋಟ್ ಅಂದರೆ ಸೆರಾಮಿಕ್ ಬೆರೆಸಿದ ಬಣ್ಣ. ಮರಳಿನಂಥ ಪುಡಿ ಹೊಡೆದು ಮೈ ಒರಟು ಮಾಡಿ, ಸ್ಪ್ರೇ ಮಾಡಿ, ಒಲೆಯಲ್ಲಿ ಬೇಯಿಸುತ್ತಾರೆ. ಬೆವರನ್ನು ಚೆನ್ನಾಗಿ ತಡೆಯುತ್ತದೆ. ದಪ್ಪ 25 ಮೈಕ್ರಾನ್ ಆಸುಪಾಸು. ಹೊರಮೈಗೆ ಒಳ್ಳೆಯದು, ಉಜ್ಜಾಡುವ ಜಾಗಕ್ಕೆ ಬೇಡ. ಡ್ರಿಲ್ ಬಿಟ್‌ಗಳ ಮೇಲೆ ಕಾಣುವ ಚಿನ್ನದ ಬಣ್ಣದ ಪಿವಿಡಿ ಲೇಪನವೂ ಬೇಡ. ತೆಳುವಾಗಿದ್ದು ಸವೆತ ತಡೆಯುತ್ತದೆ ನಿಜ, ಆದರೆ ಅದರಲ್ಲಿ ಸೂಜಿಮೊನೆಯಂಥ ತೂತುಗಳು ಉಳಿಯುತ್ತವೆ. ಬೆವರಿಗೆ ಅಷ್ಟು ದಾರಿ ಸಾಕು.

ನಿಮ್ಮ ಪಿಸ್ತೂಲಿನ ಬಾಡಿಗೆ ನನ್ನ ಆಯ್ಕೆ ಎಲೆಕ್ಟ್ರೋಲೆಸ್ ನಿಕಲ್. ಇದಕ್ಕೆ ಕರೆಂಟ್ ಬೇಡ. ಸುಮಾರು 90 ಡಿಗ್ರಿಯ ದ್ರಾವಣದಲ್ಲಿ ನಿಕಲ್ ಮತ್ತು ರಂಜಕ (ಫಾಸ್ಫರಸ್) ಸೇರಿ ತಾವಾಗಿಯೇ ಲೋಹದ ಮೇಲೆ ಕೂರುತ್ತವೆ. ಅಂಚು, ಮೂಲೆ, ತೂತು ಎಲ್ಲ ಕಡೆ ಒಂದೇ ದಪ್ಪ. ಈ ಕೆಲಸ ಕಲಿತ ಮೊದಲ ವರ್ಷ ನಾನು ಒಂದು ಹಲ್ಲುಚಕ್ರವನ್ನು ಮೈಕ್ರೋಮೀಟರಿನಲ್ಲಿ ಅಳೆದೆ. ಹಲ್ಲಿನ ತುದಿಯಲ್ಲೂ ಬುಡದಲ್ಲೂ ಕೂತ ನಿಕಲ್ಲಿನ ದಪ್ಪ ಒಂದೇ ಬಂತು. ಇನ್ನೊಂದು ಸಲ ಅಳೆದೆ. ಆ ಖುಷಿ ಇವತ್ತಿಗೂ ಹಾಗೇ ಇದೆ. ರಂಜಕ ಜಾಸ್ತಿ ಇರುವ ಬಗೆ, ಅಂದರೆ ಶೇಕಡಾ 10ಕ್ಕಿಂತ ಮೇಲೆ ಇರುವುದು, ಬೆವರಿಗೆ ಚೆನ್ನಾಗಿ ತಡೆಯುತ್ತದೆ. 'ಹೈ ಫಾಸ್ಫರಸ್, 10 ಮೈಕ್ರಾನ್, ಮ್ಯಾಟ್' ಎಂದು ಕೇಳಿ. ತೋಡು ಮತ್ತು ಪಿನ್ ತೂತುಗಳಿಗೆ ನಿಕಲ್ ಕೂರದ ಹಾಗೆ ಆ ಹೊತ್ತಿಗೆ ಮುಚ್ಚಿಸಿ.

ಒಂದು ವಿಷಯ ಮಾತ್ರ ಮೊದಲೇ ನೋಡಿಕೊಳ್ಳಿ. ಅಗ್ಗದ ಓಲೆ ಹಾಕಿದರೆ ಕಿವಿ ಕೆರೆಯುತ್ತದಾ? ವಾಚಿನ ಹಿಂಬದಿ ತಾಗುವ ಕಡೆ ಚರ್ಮ ಕೆಂಪಾಗುತ್ತದಾ? ಹಾಗಿದ್ದರೆ ನಿಮಗೆ ನಿಕಲ್ ಆಗಿಬರುವುದಿಲ್ಲ. ಗಂಟೆಗಟ್ಟಲೆ ಅದನ್ನು ಅಂಗೈಯಲ್ಲಿ ಹಿಡಿಯುವವರು ನೀವು. ಆಗ ಹೊರಮೈಗೆ ಸೆರಾಕೋಟ್ ಸಾಕು.

ಬೋಲ್ಟ್ ಮತ್ತು ಬ್ಯಾರೆಲಿನ ಹೊರಮೈಗೆ ಹೊಸದಾಗಿ ಬ್ಲೂಯಿಂಗ್ ಮಾಡಿಸಿದರೆ ಸಾಕು, ಅಳತೆ ಹಾಗೇ ಉಳಿಯುತ್ತದೆ. ಹಿಂದಿನ ಮತ್ತು ಮುಂದಿನ ಸೈಟ್ (ಗುರಿ ಹಿಡಿಯಲು ನೋಡುವ ತುಂಡುಗಳು) ಕಪ್ಪಾಗಿ, ಮಂಕಾಗಿಯೇ ಇರಲಿ. ನಿಕಲ್ ಹೊಳೆದರೆ ಬೆಳಕು ಬಿದ್ದ ಕಡೆ ಸೈಟಿನ ಅಂಚು ಕರಗಿದಂತೆ ಕಾಣುತ್ತದೆ, ಗುರಿ ಜಾರುತ್ತದೆ.

ಟ್ರಿಗರ್ ಒಳಗಿನ ತುಂಡುಗಳು, ಸ್ಪ್ರಿಂಗ್, ಸಣ್ಣ ಪಿನ್ ಇವುಗಳಿಗೆ ಯಾವ ಪ್ಲೇಟಿಂಗೂ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಯಂತ್ರದ ಸ್ಪ್ರಿಂಗ್‌ಗಳನ್ನು ಪ್ಲೇಟ್ ಮಾಡಿ ಕಳಿಸಿದೆವು. ನೋಡಲು ಬೆಳ್ಳಿ ಹಾಗೆ ಇದ್ದವು. ಮೂರನೆಯ ದಿನ ಒಂದೊಂದಾಗಿ ಕಡ್ಡಿಯ ಹಾಗೆ ಮುರಿದವು. ಆ್ಯಸಿಡ್‌ನಲ್ಲಿ ಅದ್ದುವಾಗ, ಪ್ಲೇಟ್ ಮಾಡುವಾಗ ಹೈಡ್ರೋಜನ್ ಉಕ್ಕಿನೊಳಗೆ ಇಳಿಯುತ್ತದೆ. ಗಟ್ಟಿ ಉಕ್ಕು ಅದರಿಂದ ಪೆಡಸಾಗುತ್ತದೆ. ಪ್ಲೇಟ್ ಆದ ಕೆಲವೇ ಗಂಟೆಗಳಲ್ಲಿ ಸುಮಾರು 200 ಡಿಗ್ರಿ ಒಲೆಯಲ್ಲಿ ಗಂಟೆಗಟ್ಟಲೆ ಬೇಯಿಸಿ ಆ ಹೈಡ್ರೋಜನ್ ಹೊರಹಾಕಬೇಕು. ಅವತ್ತು ಆ ಬೇಕಿಂಗ್ ಆಗಿರಲಿಲ್ಲ. ಅದೃಷ್ಟಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಪಿಸ್ತೂಲಿನಲ್ಲಿ ಮುರಿದರೆ ಏನಾಗುತ್ತದೆ ಎಂದು ಯೋಚಿಸಲೂ ನನಗೆ ಇಷ್ಟವಿಲ್ಲ. ಪಿಸ್ತೂಲಿನ ಬಾಡಿಯನ್ನು ಪ್ಲೇಟ್ ಮಾಡಿಸಿದಾಗಲೂ 'ಬೇಕಿಂಗ್ ಮಾಡಿದಿರಾ, ಎಷ್ಟು ಗಂಟೆ' ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ.

ಎಲ್ಲ ಜೋಡಿಸಿದ ಮೇಲೆ ಟ್ರಿಗರ್ ತೂಕ ಪರೀಕ್ಷೆ ಮಾಡಿಸಿ. ನಿಮ್ಮ ಸ್ಪರ್ಧೆಯಲ್ಲಿ ಅದು 1000 ಗ್ರಾಂಗಿಂತ ಕಡಿಮೆ ಇರುವ ಹಾಗಿಲ್ಲ. ಬಿಚ್ಚಿ ಜೋಡಿಸಿದಾಗ ಹತ್ತಿಪ್ಪತ್ತು ಗ್ರಾಂ ಆಚೀಚೆ ಆಗಿ, ಸ್ಪರ್ಧೆಯ ದಿನ ಪರೀಕ್ಷೆ ಮೇಜಿನ ಮುಂದೆ ಗೊತ್ತಾದರೆ ಎಷ್ಟು ಸಂಕಟ!

ಪ್ರಶ್ನೆ: ಮಗಳು 10 ಮೀಟರ್ ಏರ್ ಪಿಸ್ತೂಲ್ ಆಡುತ್ತಾಳೆ. ಅಲ್ಯೂಮಿನಿಯಂ ಬಾಡಿಯ ಕಪ್ಪು ಬಣ್ಣ ಬೆವರಿಗೆ ಮಾಸಿದೆ, ಗಾಳಿ ಸಿಲಿಂಡರ್ ಮೇಲೂ ಗೀರು ಬಿದ್ದಿದೆ. ಎರಡನ್ನೂ ಬ್ಲ್ಯಾಕೋಡೈಸಿಂಗ್ ಮಾಡಿಸಬಹುದೇ?
ಓದುಗರು, ಜಾಲಹಳ್ಳಿ

ಉತ್ತರ: ಬೇಡ, ಖಂಡಿತ ಬೇಡ. ಅಲ್ಯೂಮಿನಿಯಂ ಕಾಸ್ಟಿಕ್ ತೊಟ್ಟಿಗೆ ಬಿದ್ದರೆ ಬುಸುಗುಟ್ಟಿ ಕರಗಿಹೋಗುತ್ತದೆ. ಅಲ್ಯೂಮಿನಿಯಂಗೆ ಇರುವುದು ಆನೊಡೈಸಿಂಗ್, ಅಂದರೆ ಕರೆಂಟ್ ಕೊಟ್ಟು ಅದರ ಮೇಲ್ಮೈಯನ್ನೇ ಆಕ್ಸೈಡ್ ಪದರ ಮಾಡುವುದು. ಅದನ್ನೂ ಮತ್ತೆ ಮಾಡಬೇಕಾದರೆ ಹಳೆಯ ಪದರ ತೆಗೆಯಬೇಕು, ಅದರ ಜೊತೆ ಒಂದಿಷ್ಟು ಲೋಹವೂ ಹೋಗಿ ಅಳತೆ ಕೆಡುತ್ತದೆ. ಮಾಸಿದ್ದರೆ ಮಾಸಲಿ, ಆ ಬಾಡಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಒರೆಸಿ ತೆಳುವಾಗಿ ಮೇಣ ಹಚ್ಚಿ.

ಸಿಲಿಂಡರಿಗೆ ಯಾವ ಲೇಪನವನ್ನೂ ಮಾಡಿಸಬೇಡಿ. ಅದರೊಳಗೆ 200 ಬಾರ್ ಒತ್ತಡ ಇರುತ್ತದೆ, ಕಾರ್ ಟಯರಿನ ಸುಮಾರು ನೂರು ಪಟ್ಟು. ಆ್ಯಸಿಡ್, ಕಾಸ್ಟಿಕ್, ಒಲೆ, ಯಾವುದೂ ಅದರ ಹತ್ತಿರ ಬರಬಾರದು. ಗೀರು ಆಳವಾಗಿದ್ದರೆ ಗಾಳಿ ತುಂಬಿಸುವುದನ್ನು ಇವತ್ತೇ ನಿಲ್ಲಿಸಿ, ಪಿಸ್ತೂಲ್ ಕಂಪನಿಯ ಸರ್ವಿಸ್‌ನವರಿಗೆ ತೋರಿಸಿ. ಮೇಲೆ ಕೊರೆದಿರುವ ತಾರೀಖನ್ನೂ ನೋಡಿ. ಅವಧಿ ಮುಗಿದ ಸಿಲಿಂಡರನ್ನು ಸ್ಪರ್ಧೆಯಲ್ಲಿ ಬಳಸುವ ಹಾಗಿಲ್ಲ.

ಮಗಳ ಪೆಟ್ಟಿಗೆ ಬಗ್ಗೆಯೂ ಹೇಳಿಬಿಡುತ್ತೇನೆ. ನನ್ನ ಮಗಳೂ ಆರು ವರ್ಷ ಇದೇ ಆಟ ಆಡಿದಳು. ಆಗಸ್ಟ್‌ನ ಒಂದು ಸಂಜೆ ಮಳೆಯಲ್ಲಿ ಬಸ್ ಹಿಡಿದು ಮನೆಗೆ ಬಂದೆವು. ಪರೀಕ್ಷೆ ಇತ್ತು, ಮೂರು ದಿನ ಪೆಟ್ಟಿಗೆ ತೆರೆಯಲಿಲ್ಲ. ತೆರೆದಾಗ ಫೋಮ್ ತಾಗಿದ ಕಡೆಯೆಲ್ಲ ಉಕ್ಕಿನ ಸ್ಕ್ರೂಗಳ ಮೇಲೆ ತುಕ್ಕು. ಅವಳು ಅತ್ತೇಬಿಟ್ಟಳು. ಫೋಮ್ ಸ್ಪಂಜಿನ ಹಾಗೆ ತೇವ ಹಿಡಿಯುತ್ತದೆ. ಮನೆಗೆ ಬಂದ ತಕ್ಷಣ ಪಿಸ್ತೂಲನ್ನು ಹೊರತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಬೀರುವಿನಲ್ಲಿ ಬೀಗ ಹಾಕಿಡಿ. ಪೆಟ್ಟಿಗೆ ತೆರೆದೇ ಇರಲಿ.

ಪ್ರಶ್ನೆ: ಗೀರು ಬಿದ್ದ ಕಡೆ ಹಚ್ಚಲು ಕೋಲ್ಡ್ ಬ್ಲೂ (ಕಾಯಿಸದೆ ಹಚ್ಚುವ, ಉಕ್ಕನ್ನು ಕಪ್ಪು ಮಾಡುವ ದ್ರಾವಣ) ಬಾಟಲಿ ಸಿಗುತ್ತದೆ, ಹಚ್ಚಬಹುದೇ? ಅಜ್ಜಿ ಕೊಬ್ಬರಿ ಎಣ್ಣೆ ಸಾಕು ಅನ್ನುತ್ತಾರೆ.
ಓದುಗರು, ಮಲ್ಲೇಶ್ವರ

ಉತ್ತರ: ಸ್ಕ್ರೂ ತಲೆಗೆ, ಸಣ್ಣ ಗೀರಿಗೆ ಆಗುತ್ತದೆ. ಇಡೀ ಬಾಡಿಗೆ ಹಚ್ಚಿದರೆ ಕೆಲವೇ ವಾರದಲ್ಲಿ ಕೈಗೆ ಅಳಿಸಿ ಬರುತ್ತದೆ. ಆ ಬಾಟಲಿಗಳಲ್ಲಿ ಸಾಮಾನ್ಯವಾಗಿ ಸೆಲೆನಿಯಂ ಇರುತ್ತದೆ, ಅದು ವಿಷ. ಗ್ಲೌಸ್ ಹಾಕಿ, ಕಿಟಕಿ ತೆರೆದು ಹಚ್ಚಿ. ಅಡುಗೆಮನೆಯಲ್ಲಿ ಮಾತ್ರ ಬೇಡ.

ಅಜ್ಜಿ ಎಣ್ಣೆ ಹಚ್ಚು ಅಂದದ್ದು ಸರಿಯೇ, ಆದರೆ ಆ ಎಣ್ಣೆ ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ನಿಮ್ಮ ಮಲ್ಲೇಶ್ವರದ ಮನೆಯಲ್ಲಿ ಬಾಟಲಿ ಬಿಸಿಲಿಗೆ ಇಟ್ಟು ಕರಗಿಸುತ್ತೀರಲ್ವಾ, ಪಿಸ್ತೂಲಿನ ಒಳಗೂ ಅದು ಹಾಗೇ ಹೆಪ್ಪುಗಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ, ಹಳೆಯ ಹತ್ತಿ ಬನಿಯನ್ ಚೂರಿಗೆ ಹಾಕಿ ಒರೆಸಿ. ಬೆರಳಿಗೆ ಜಿಡ್ಡು ಹತ್ತಿದರೆ ಜಾಸ್ತಿಯಾಯಿತು ಎಂದರ್ಥ.