ಓದು ಬಿಡಬೇಡಿ ಅಕ್ಕಾ, ಒಪ್ಪಿಕೊಂಡ ಕೌದಿ ಕಡಿಮೆ ಮಾಡಿ

ಪ್ರಶ್ನೆ: ನನಗೆ 58 ವರ್ಷ, ರಾಯಚೂರಿನವಳು. ಕೌದಿ ಹೊಲಿಯುವುದು, ಐತಿಹಾಸಿಕ ಕಾದಂಬರಿ ಓದುವುದು, ಇವೆರಡೇ ನನ್ನ ಹುಚ್ಚು. ಈ ವಾರ ಮಗಳ ಕೂಸಿಗೆ ಕುಂಚಿಗೆ ಮುಗಿಸಿದೆ. ನಮ್ಮ ಮನೆಯ ದೊಡ್ಡ ಕೌದಿ ಅರ್ಧಕ್ಕಿದೆ. ನೆಗೆಣ್ಣಿಯದೊಂದು, ಪಕ್ಕದ ಮನೆಯವರದೊಂದು ಇನ್ನೂ ಶುರುವೇ ಆಗಿಲ್ಲ. ಈ ನಡುವೆ ವಿಜಯನಗರದ ಕಾಲದ ಕಾದಂಬರಿ ಹಿಡಿದಿದ್ದೇನೆ, ಬಿಡಲು ಮನಸ್ಸಾಗುತ್ತಿಲ್ಲ. ಮಧ್ಯಾಹ್ನ ಓದುತ್ತಾ ಕೂತರೆ ನೆಗೆಣ್ಣಿ, ‘ಸುಳ್ಳು ಕತಿ ಓದಾಕ ಟೈಮ್ ಐತಿ, ನನ್ನ ಕೌದಿಗೆ ಇಲ್ಲೇನು?’ ಅನ್ನುತ್ತಾಳೆ. ಮನೆಯವರು ನಗುತ್ತಾರೆ. ಓದುವುದನ್ನು ಬಿಟ್ಟುಬಿಡಲೇ?

ಉತ್ತರ: ಅಕ್ಕಾ, ಬಿಡಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಪ್ಪೆಲ್ಲ ಪುಸ್ತಕದ್ದೇ ಅಂದುಕೊಂಡಿದ್ದೀರಿ. ಆದರೆ ನಿಮ್ಮ ವಾರವನ್ನು ತಿನ್ನುತ್ತಿರುವುದು ಪುಸ್ತಕ ಅಲ್ಲ, ಇಲ್ಲ ಅನ್ನಲಾಗದೆ ಒಪ್ಪಿಕೊಂಡ ಎರಡು ಕೌದಿ. ಪತ್ರದಲ್ಲಿ ಕೂಲಿಯ ಮಾತು ಒಂದೂ ಇಲ್ಲ. ಯಾರೂ ಕೇಳಿಲ್ಲ, ನೀವೂ ಹೇಳಿಲ್ಲ, ಅಲ್ವಾ?

ಕೌದಿ ಅಂದರೆ ಹಳೇ ಸೀರೆ, ಧೋತರ ಸೇರಿಸಿ ಸುಮ್ನೆ ಹೊಲಿದುಬಿಡುವುದು ಅಂತ ಹೊಲಿಯದವರು ತಿಳಿದಿರುತ್ತಾರೆ. ಮೂರು ನಾಲ್ಕು ಪದರದ ಬಟ್ಟೆಯಲ್ಲಿ ಸೂಜಿ ತೂರಿಸಿ, ಅಂಚಿನಿಂದ ನಡುವಿನವರೆಗೆ ಒತ್ತೊತ್ತಾಗಿ ಸಾಲು ಎಳೆಯುವಾಗ ಬೆರಳಿನ ತುದಿ ಏನಾಗುತ್ತದೆ ಅಂತ ಹೊಲಿದವರಿಗೇ ಗೊತ್ತು. ಆ ಬೆರಳಿಗೆ ಬಿಡುವು ಬೇಕೇ ಬೇಕು. ಬೆಳಗಿನ ಬೆಳಕಿನಲ್ಲಿ ಹೊಲಿಗೆ, ಊಟದ ಮೇಲೆ ಓದು. ನೀವು ಈಗ ಮಾಡುತ್ತಿರುವುದು ಸರಿಯಾಗಿಯೇ ಇದೆ. ಕನ್ನಡಕ ಹಳೆಯದಾಗಿದ್ದರೆ ಮಾತ್ರ ಒಮ್ಮೆ ಕಣ್ಣು ತೋರಿಸಿ, ಎರಡೂ ಕೆಲಸ ಕಣ್ಣಿನ ಮೇಲೇ ನಿಂತಿವೆ.

ಪಕ್ಕದ ಮನೆಯವರ ಜೊತೆ ಈ ವಾರವೇ ಮಾತಾಡಿ. ನಿಮ್ಮ ಕಡೆ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣಾಳಿಗೆ ದಿನಕ್ಕೆ ಎಷ್ಟು ಕೊಡುತ್ತಾರೆ? ಒಂದು ಕೌದಿಗೆ ನಿಮಗೆ ಎಷ್ಟು ದಿನ ಬೇಕು? ಲೆಕ್ಕ ಹಾಕಿ, ದಾರದ ಖರ್ಚು ಸೇರಿಸಿ ಹೇಳಿ. ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಜಾಸ್ತಿ ಆಯಿತು ಅಂದರೆ ಬಟ್ಟೆ ಗಂಟನ್ನು ನಗುನಗುತ್ತಾ ವಾಪಸ್ ಕೊಡಿ.

ನೆಗೆಣ್ಣಿಗೆ ಕೂಲಿ ಕೇಳಲಾಗುವುದಿಲ್ಲ, ಗೊತ್ತು. ಅವಳನ್ನು ಕೆಲಸಕ್ಕೇ ಕೂರಿಸಿ. ಹಿಂದೆ ಬೇಸಿಗೆಯಲ್ಲಿ ಅಂಗಳಕ್ಕೆ ಕೌದಿ ಹಾಸಿ ಓಣಿಯ ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರು. ಒಂದು ಮೂಲೆ ಅವಳದು, ಒಂದು ಮೂಲೆ ನಿಮ್ಮದು. ಅವಳು ಬಂದ ದಿನ ಕೌದಿ ಮುಂದೆ ಹೋಗಲಿ, ಬರದ ದಿನ ಮಡಚಿಡಿ.

ಇನ್ನು ‘ಸುಳ್ಳು ಕತಿ’ ಅನ್ನುವ ಮಾತು. ಇದು ನನಗೆ ನಿಜಕ್ಕೂ ಬೇಜಾರು ತಂದಿತು. ಕಾದಂಬರಿಯಲ್ಲಿ ರಾಣಿ ರಾತ್ರಿ ದಾಸಿಯ ಹತ್ತಿರ ಏನಂದಳು ಅನ್ನುವುದು ಬರೆದವರ ಕಲ್ಪನೆ, ಹೌದು. ಆದರೆ 1520ರಲ್ಲಿ ಕೃಷ್ಣದೇವರಾಯ ನಿಮ್ಮ ರಾಯಚೂರಿಗೇ ಮುತ್ತಿಗೆ ಹಾಕಿದ್ದು, ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದು ಕಲ್ಪನೆ ಅಲ್ಲ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕೋಟೆಯ ಮೇಲಿದ್ದವರತ್ತ ಪೋರ್ಚುಗೀಸರು ಕೋವಿ ಹಾರಿಸಿದ್ದೂ ಅದರಲ್ಲಿದೆ. ಕೃಷ್ಣಾ ತುಂಗಭದ್ರೆಯ ನಡುವಿನ ಈ ನೆಲಕ್ಕಾಗಿ ತಲೆಮಾರುಗಟ್ಟಲೆ ಹೊಡೆದಾಟ ನಡೆಯಿತು. ಅಲ್ಲೇ ಹುಟ್ಟಿ ಬೆಳೆದವಳು ಅದರ ಕಥೆ ಓದದೆ ಇನ್ಯಾರು ಓದಬೇಕು?

ಒಂದು ಸಂಜೆ ನೆಗೆಣ್ಣಿಯನ್ನು ಕೋಟೆಗೆ ಕರೆದುಕೊಂಡು ಹೋಗಿ. ಬಸ್‌ನಲ್ಲಿ ದಿನಾ ಅದರ ಪಕ್ಕದಲ್ಲೇ ಹಾದುಹೋಗಿರುತ್ತಾಳೆ, ನಿಂತು ನೋಡಿರಲಿಕ್ಕಿಲ್ಲ. ಪಡುವಣ ಗೋಡೆಯಲ್ಲಿ ನಲವತ್ತು ಅಡಿಗೂ ಮೀರಿದ ಒಂದೇ ಕಲ್ಲಿದೆ, ಅದರ ಮೇಲೆ 1294ರ ಶಾಸನ. ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಪಕ್ಕದ ಚಿತ್ರ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಲು ಸಾಲು ಕೋಣಗಳು ಎಳೆದು ತರುತ್ತಿರುವುದನ್ನು ಕೆತ್ತಿದ್ದಾರೆ. ಎಳೆದವರ ಕಷ್ಟವನ್ನೂ ನೆನಪಿಟ್ಟಿದ್ದಾರೆ ನೋಡಿ. ಅದನ್ನು ಅವಳಿಗೆ ತೋರಿಸಿ. ನಿಮ್ಮ ಕಾದಂಬರಿಯ ಕಥೆಯನ್ನು ಅಲ್ಲೇ ಕೂತು ಹೇಳಿ.

ನಗುವ ಮನೆಯವರಿಗೂ ಒಂದು ಕೆಲಸ ಕೊಡಿ. ರಾತ್ರಿ ಮಾಳಿಗೆಯ ಮೇಲೆ ನೀವು ತುಂಡು ಬಟ್ಟೆಗಳನ್ನು ಬಣ್ಣ ನೋಡಿ ಜೋಡಿಸಿಕೊಳ್ಳುವಾಗ ಅವರು ಗಟ್ಟಿಯಾಗಿ ಓದಲಿ. ಮುತ್ತಿಗೆಯ ಅಧ್ಯಾಯದಿಂದಲೇ ಶುರು ಮಾಡಿಸಿ. ಊರಿನ ಹೆಸರು, ಕೋಟೆಯ ಬಾಗಿಲು ಎಲ್ಲ ಗೊತ್ತಿರುವವರು ಅವರು, ನಾಲ್ಕು ಪುಟಕ್ಕೆ ನಿಲ್ಲಿಸುವುದಿಲ್ಲ ಅನ್ನುವ ನಂಬಿಕೆ ನನಗಿದೆ.