ಕಾಲು ಮುರಿದವರ ಹತ್ತಿರ ಕಾಲು ಭಾಗದ ಮಾತು

ದಾವಣಗೆರೆ ಜಿಲ್ಲೆಯ ಓದುಗರೊಬ್ಬರ ಪತ್ರ: "ನನ್ನ ಗಂಡ ಗಾರೆ ಕೆಲಸದವರು. ವಯಸ್ಸು 38. ತುಮಕೂರಿನ ಹತ್ತಿರ ಬೈಕಿಗೆ ಟೆಂಪೋ ಗುದ್ದಿ ಬಲಗಾಲು ಮುರಿದಿದೆ. ವಕೀಲರ ಕಡೆಯವರು ಅಂತ ಒಬ್ಬರು ವಾರ್ಡಿಗೇ ಬಂದು ಖಾಲಿ ಹಾಳೆಗೆ ಸಹಿ ಕೇಳಿದರು. ಬಂದ ಹಣದಲ್ಲಿ ಕಾಲು ಭಾಗ ಅವರಿಗಂತೆ. ನಾನು ಸಹಿ ಹಾಕಲಿಲ್ಲ. ವಕೀಲರಿಲ್ಲದೆ ಆಗೋದೇ ಇಲ್ವಾ?"

ಸಹಿ ಹಾಕದೆ ಇದ್ದದ್ದು ಒಳ್ಳೆಯದಾಯಿತು ತಾಯಿ. ವಕೀಲರಿಗೆ ಬೇಕಾದದ್ದು ವಕಾಲತ್ತಿನ (ನಮ್ಮ ಪರ ಕೇಸು ನಡೆಸಿ ಎಂದು ಕೊಡುವ ಒಪ್ಪಿಗೆ ಪತ್ರದ) ಸಹಿ, ಖಾಲಿ ಹಾಳೆಯದ್ದಲ್ಲ. ಪರಿಹಾರದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ವಾರ್ಡಿಗೆ ಜನ ಕಳಿಸಿ ಕೇಸು ಹಿಡಿಯುವುದನ್ನೂ ಒಪ್ಪುವುದಿಲ್ಲ. ಆದರೂ ಎರಡೂ ನಡೆಯುತ್ತವೆ.

ಕಾನೂನಿನ ಪ್ರಕಾರ ಪರಿಹಾರದ ಅರ್ಜಿಯನ್ನು ನಿಮ್ಮವರೇ ಹಾಕಬಹುದು. ಅಪಘಾತ ತುಮಕೂರಿನಲ್ಲಾದರೂ ಕೇಸು ನಿಮ್ಮ ಜಿಲ್ಲೆಯಲ್ಲೇ ನಡೆಯಬಹುದು. ಆದರೆ ಎದುರಿಗೆ ಟೆಂಪೋದ ವಿಮಾ ಕಂಪನಿಯ ವಕೀಲರು ಇರುತ್ತಾರೆ. ಅವರಿಗೆ ಇದು ದಿನಾ ಮಾಡುವ ಕೆಲಸ.

ಒಂದು ಉದಾಹರಣೆ ಹೇಳುತ್ತೇನೆ. ಆಸ್ಪತ್ರೆಯ ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸ್ ಕೇಸಾಗುವ ಗಾಯಗಳನ್ನು ಬರೆದಿಡುವ ಪುಸ್ತಕ) ಡ್ಯೂಟಿ ಡಾಕ್ಟರು ಅವಸರದಲ್ಲಿ 'ಬೈಕಿನಿಂದ ಬಿದ್ದು ಗಾಯ' ಎಂದಷ್ಟೇ ಬರೆದಿದ್ದರು ಅನ್ನಿ. ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ. ಟೆಂಪೋ ಗುದ್ದೇ ಇಲ್ಲ, ತಾನೇ ಬಿದ್ದ ಎನ್ನುತ್ತದೆ. ಆಗ ಎಫ್‌ಐಆರ್, ಸ್ಥಳ ಮಹಜರು, ಚಾರ್ಜ್‌ಶೀಟು, ಟೆಂಪೋ ಎಲ್ಲಿ ಜಖಂ ಆಗಿದೆ ಎಂದು ತೋರಿಸುವ ಐಎಂವಿ (ಮೋಟಾರು ವಾಹನ ನಿರೀಕ್ಷಕರ) ರಿಪೋರ್ಟು, ಎಲ್ಲ ಒಂದೇ ಮಾತು ಹೇಳುವಂತೆ ಮುಂದಿಡಬೇಕು. ಎಂವಿಸಿ (ವಾಹನ ಅಪಘಾತದ ಪರಿಹಾರ ಕೇಳುವ) ಕೇಸಿನ ವಕೀಲರ ಅರ್ಧ ಕೆಲಸ ಇದೇ. ಸಿನಿಮಾದ ಹಾಗೆ ಮೇಜು ಗುದ್ದಿ ವಾದ ಮಾಡುವುದು ಇಲ್ಲಿ ಕಡಿಮೆ.

ಇನ್ನರ್ಧ ಕೆಲಸ ಆ ಕಾಲಿನ ಬೆಲೆ ಹೇಳುವುದು. ಡಾಕ್ಟರು ಇಡೀ ದೇಹಕ್ಕೆ ಶೇ 15 ಊನ ಎಂದು ಬರೆದುಕೊಟ್ಟರು ಎಂದುಕೊಳ್ಳೋಣ. ಸಂಪಾದನೆ ತಿಂಗಳಿಗೆ 15,000 ರೂಪಾಯಿ ಇರಲಿ. 36ರಿಂದ 40 ವಯಸ್ಸಿನವರಿಗೆ ವರ್ಷದ ಸಂಪಾದನೆಯನ್ನು 15ರಿಂದ ಗುಣಿಸುತ್ತಾರೆ. 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಲೆಕ್ಕ ಅದು. ಒಟ್ಟು 27 ಲಕ್ಷ, ಅದರಲ್ಲಿ ಶೇ 15 ಅಂದರೆ 4,05,000. ಸುಮ್ನೆ ಕೂತರೆ ಅಷ್ಟಕ್ಕೇ ಮುಗಿಯಬಹುದು. ಆದರೆ ಸಾರುವೆ ಹತ್ತಲಾಗದ ಗಾರೆಯವನಿಗೆ ಉಳಿದ ಕೆಲಸವಾದರೂ ಯಾವುದು? ಕೈ ಕಳೆದುಕೊಂಡ ಬಡಗಿಗೆ ಆಗುವ ನಷ್ಟ ಗುಮಾಸ್ತನಿಗೆ ಆಗುವುದಿಲ್ಲ ಎಂದು ರಾಜ್ ಕುಮಾರ್ ಪ್ರಕರಣದಲ್ಲಿ ಅದೇ ಕೋರ್ಟ್ ವಿವರಿಸಿದೆ. ಇದನ್ನು ಡಾಕ್ಟರ ಸಾಕ್ಷಿಯೊಂದಿಗೆ ಗಟ್ಟಿಯಾಗಿ ತೋರಿಸಿ, ದುಡಿಮೆಯ ನಷ್ಟ ಶೇ 40 ಎಂದು ಕೇಸು ಕೇಳುವ ನ್ಯಾಯಮಂಡಳಿ ಒಪ್ಪಿದರೆ ಅದೇ ಲೆಕ್ಕ 10,80,000ಕ್ಕೆ ಏರುತ್ತದೆ. ಆಸ್ಪತ್ರೆಯ ಖರ್ಚು, ನೋವಿನ ಪರಿಹಾರ ಬೇರೆ.

ಅದಕ್ಕೇ ವಕೀಲರು ಬೇಕು ಎನ್ನುತ್ತೇನೆ. ಆದರೆ ಮೊದಲ ಭೇಟಿಯಲ್ಲೇ ಪರ್ಸೆಂಟೇಜ್ ಮಾತಾಡುವವರು ಬೇಡ, ನಿಮ್ಮವರು ದಿನಾ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳುವವರನ್ನು ಹುಡುಕಿ. ಫೀಸು ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ವರಮಾನ ಕಡಿಮೆ ಇರುವವರಿಗೆ ಅಲ್ಲಿ ವಕೀಲರು ಉಚಿತ. ತಡ ಮಾತ್ರ ಮಾಡಬೇಡಿ. 2022ರ ಏಪ್ರಿಲ್‌ನಿಂದ ಜಾರಿಯಾದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ಅರ್ಜಿಗೆ ಆರು ತಿಂಗಳ ಗಡುವಿದೆ.

ಈ ವಾರವೇ ಎಂಎಲ್‌ಸಿಯಲ್ಲಿ ಏನು ಬರೆದಿದ್ದಾರೆ ಎಂದು ನೋಡಿ. ಮೇಸ್ತ್ರಿ ಕೂಲಿ ಬರೆದುಕೊಟ್ಟ ಪುಸ್ತಕವೋ ಚೀಟಿಯೋ ಮನೆಯಲ್ಲಿದ್ದರೆ ಅದನ್ನೂ ಹುಡುಕಿ ತೆಗೆದಿಡಿ.

— ಸಂಪಾದಕ