ಅಪ್ಪನ ತತ್ವಪದ ಉಳಿಸಲು ರೆಕಾರ್ಡ್ ಮಾಡಲೋ, ಮಗನನ್ನು ಸಂಗೀತ ಕ್ಲಾಸಿಗೆ ಹಾಕಲೋ?

ನೀವು ಕೇಳಿದ ಇದೇ ಲೆಕ್ಕವನ್ನು ಹತ್ತು ವರ್ಷದ ಹಿಂದೆ ನಾನೂ ಹಾಕಿದ್ದೆ. ರೆಕಾರ್ಡಿಂಗ್ ಸಾಕು ಅಂದುಕೊಂಡೆ.

ನಮ್ಮದು ಕೊಪ್ಪಳದ ಹತ್ತಿರ ಒಂದು ಹಳ್ಳಿ. ಅಮಾವಾಸ್ಯೆ ಬಂತೆಂದರೆ ಮುತ್ಯಾ, ಅಂದರೆ ನಮ್ಮ ಅಜ್ಜ, ಗುಡಿಯಲ್ಲಿ ಒಂದೇ ತಂತಿಯ ಏಕತಾರಿ ಹಿಡಿದು ತತ್ವಪದ ಹಾಡಲು ಕೂರುತ್ತಿದ್ದ. ಒಗಟಿನಂಥ ಮಾತಿನಲ್ಲಿ ಅನುಭಾವ ಹೇಳುವ ಈ ಹಾಡನ್ನೇ ನಾವು ಪದ ಅನ್ನೋದು. ಅವನು ಹುಡುಗನಾಗಿದ್ದಾಗ ಇಲ್ಲಿ ನಿಜಾಮರ ಆಳ್ವಿಕೆ, ಸರ್ಕಾರಿ ಶಾಲೆಯಲ್ಲಿ ಉರ್ದು. ಕನ್ನಡ ಅಕ್ಷರ ಕಲಿತದ್ದು ಮಠದ ಅಯ್ಯನವರ ಹತ್ತಿರ, ಪದ ಕಲಿತದ್ದು ಭಜನೆ ಮೇಳದಲ್ಲಿ. ಹಿರಿಯರು ಒಂದು ಸಾಲು ಹೇಳೋದು, ಇವನು ತಿರುಗಿ ಹೇಳೋದು.

ರಜೆಗೆ ಬಂದವನು ಎರಡು ವಾರ ಕೂತು ಮೊಬೈಲಿನಲ್ಲಿ 43 ಪದ ತುಂಬಿಸಿಕೊಂಡೆ. ಮುತ್ಯಾ ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದ. ನನ್ನ ಮುಖ ನೋಡುತ್ತಿದ್ದ. ದಮ್ಮು ಕಟ್ಟಿರಬೇಕು ಅಂತ ನಾನು "ಮುಂದ ಹಾಡು ಮುತ್ಯಾ" ಅನ್ನುತ್ತಿದ್ದೆ. ಆಮೇಲೆ ಕಂಪ್ಯೂಟರಿಗೆ ಹಾಕಿ ಆ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿದೆ. ಆರು ನಿಮಿಷದ ಪದ ನಾಲ್ಕು ನಿಮಿಷಕ್ಕೆ ಬಂತು. ಮೊಬೈಲ್ ತುಂಬಿತ್ತು, ಮೂಲ ಫೈಲುಗಳನ್ನು ಅಳಿಸಿಬಿಟ್ಟೆ.

ಮರುವರ್ಷ ಮುತ್ಯಾ ತೀರಿಕೊಂಡ. ಅವನ ಪುಣ್ಯತಿಥಿಗೆ ಹಾಡೋಣ ಅಂತ ಕೇಳಲು ಕೂತಾಗ ಗೊತ್ತಾಯಿತು. ಒಂದು ಪದದಲ್ಲಿ ತಾಳದ ಸದ್ದಿನ ನಡುವೆ ಬರುವ ಮಾತು "ಅರಿವು"ವೋ "ಹರಿವು"ವೋ ತಿಳಿಯಲಿಲ್ಲ. ನಮ್ಮ ಕಡೆ ಹಕಾರ ನುಂಗುವುದು ಜಾಸ್ತಿ. ಎರಡೂ ಅರ್ಥ ಕೂಡುತ್ತದೆ. ನಾನು ಒಂದೇ ಒಂದು ಸಲ ತಿರುಗಿ ಹೇಳಿದ್ದರೆ, ತಪ್ಪಿದಲ್ಲೇ ತಡೆದು ತಿದ್ದುತ್ತಿದ್ದ. ಅವನು ನಿಲ್ಲಿಸುತ್ತಿದ್ದದ್ದು ದಮ್ಮಿಗಲ್ಲ, ನನಗಾಗಿ. ಆ ಖಾಲಿ ಜಾಗವೇ ಪಾಠ. ನಾನು ಕತ್ತರಿಸಿ ಎಸೆದದ್ದು ಅದನ್ನೇ.

ಅರ್ಥವೂ ಹಾಗೇ ಹೋಯಿತು. ಒಂಬತ್ತು ಬಾಗಿಲ ಮನೆ ಅಂದರೆ ಈ ದೇಹ, ಅದು ಎಲ್ಲರಿಗೂ ಗೊತ್ತು. ಉಳಿದ ಒಗಟುಗಳನ್ನು ಮುತ್ಯಾ ಬಿಡಿಸುತ್ತಿದ್ದದ್ದು ಹಾಡು ಮುಗಿದು ಚಹಾ ಕುಡಿಯುವಾಗ. ಅಷ್ಟೊತ್ತಿಗೆ ನಾನು ಮೊಬೈಲ್ ಆಫ್ ಮಾಡಿರುತ್ತಿದ್ದೆ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನ ಇದೆ, ನೋಡಿದ್ದೀರಾ? ಅದಕ್ಕಿಂತ ಗಟ್ಟಿ ರೆಕಾರ್ಡಿಂಗ್ ಉಂಟಾ? 2200 ವರ್ಷ ದಾಟಿದರೂ ಕಲ್ಲು ಹಾಗೇ ಇದೆ. ಆದರೆ ಆ ಬ್ರಾಹ್ಮಿ ಅಕ್ಷರ ಕಲಿಸುವವರು ನಡುವೆ ಇಲ್ಲವಾದರು. ನೂರಾರು ವರ್ಷ ಅದನ್ನು ಓದುವವರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅನ್ನೋ ಇಂಗ್ಲಿಷ್ ವಿದ್ವಾಂಸ ಆ ಲಿಪಿ ಬಿಡಿಸಿದ. ಅದನ್ನು ಬರೆಸಿದವನು ಅಶೋಕನೇ ಅಂತ ಖಚಿತವಾದದ್ದು ಇನ್ನೂ ತಡವಾಗಿ, 1915ರಲ್ಲಿ ನಮ್ಮ ಪಕ್ಕದ ಮಸ್ಕಿಯಲ್ಲಿ ಅವನ ಹೆಸರೇ ಇರುವ ಶಾಸನ ಸಿಕ್ಕಾಗ. ಅಷ್ಟು ದೊಡ್ಡ ರಾಜನ ಧರ್ಮದ ಮಾತಿಗೇ ಹೀಗಾಯಿತು.

ಅದಕ್ಕೇ ಹೇಳುತ್ತೇನೆ, ಮೈಕೋ ಕ್ಲಾಸೋ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಕ್ಲಾಸಿನಲ್ಲಿ ಸ್ವರ ಬರುತ್ತದೆ, ಬರಲಿ. ಈ ಪದಗಳ ಮೇಷ್ಟ್ರು ನಿಮ್ಮ ಮನೆಯಲ್ಲೇ ಇದ್ದಾರಲ್ವಾ? ದಿನಾ ಸಂಜೆ ಮಗನನ್ನು ಅವರ ಮುಂದೆ ಕೂರಿಸಿ. ನೀವೂ ಕೂರಿ. ತಿಂಗಳಿಗೆ ಒಂದೇ ಪದ ಆದರೂ ಸಾಕು. ರೆಕಾರ್ಡ್ ಮಾಡಲೇಬೇಕು ಅನಿಸಿದರೆ ಮಗ ತಪ್ಪು ಹಾಡುವುದನ್ನೂ ಅವರು ತಿದ್ದುವುದನ್ನೂ ಮಾಡಿ. ಸುಮ್ನಿರುವ ಹೊತ್ತನ್ನು ಕತ್ತರಿಸಬೇಡಿ.

ನಮ್ಮ ಮೇಳದಲ್ಲಿ ಈಗ ಉಳಿದಿರುವ ಹಿರಿಯರು ಇಬ್ಬರೇ. ಹೋದ ವರ್ಷ ಅವರ ಮುಂದೆ ಆ ಪದ ಹಾಕಿ ಕೇಳಿಸಿದೆ. ಒಬ್ಬರು ಅರಿವು ಅಂದರು. ಇನ್ನೊಬ್ಬರು ಹರಿವು ಅಂದರು.